ಕೋಡ್ ಒಂದೇ, ರನ್‌ಟೈಮ್ ಬೇರೆ: ಆವೃತ್ತಿಯನ್ನು ಒಂದೇ ಕಡೆ ಬರೆದಿಡುವ ಬಗೆ

ಒಂದು ಮೊತ್ತವನ್ನು ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿ ತೋರಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಹೆಚ್ಚೇನೂ ಬರೆಯಬೇಕಾಗಿಲ್ಲ. ‘ಟುಲೊಕೇಲ್‌ಸ್ಟ್ರಿಂಗ್’ ಎಂಬ ಫಂಕ್ಷನ್‌ಗೆ ಭಾರತದ ಲೊಕೇಲ್ (ಭಾಷೆ, ಪ್ರದೇಶಗಳ ಗುರುತು) ಸೂಚಿಸಿದರೆ 1234567 ಎಂಬ ಸಂಖ್ಯೆ 12,34,567 ಆಗುತ್ತದೆ. ಆದರೆ ಇದೇ ಸಾಲನ್ನು, ಜಾವಾಸ್ಕ್ರಿಪ್ಟನ್ನು ಬ್ರೌಸರ್‌ನ ಹೊರಗೆ ನಡೆಸುವ ನೋಡ್ ಎಂಬ ತಂತ್ರಾಂಶದ ತಾಣದಿಂದ ಇಳಿಸಿಕೊಂಡ ನೋಡ್ 12ರಲ್ಲಿ (ಅದರ 12ನೇ ಆವೃತ್ತಿಯಲ್ಲಿ) ಓಡಿಸಿದರೆ 1,234,567 ಎಂದು, ಲಕ್ಷವೆಂಬ ಲೆಕ್ಕವನ್ನೇ ಕೇಳಿರದವರು ಬರೆದಂತೆ ಬರುತ್ತಿತ್ತು. ಕನ್ನಡದ ಲೊಕೇಲ್ ಕೊಟ್ಟು ದಿನಾಂಕ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಇರುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ನೋಡ್ 13 ಬರುವವರೆಗೆ, ಜಗತ್ತಿನ ಭಾಷೆಗಳ ಸಂಖ್ಯೆ ಮತ್ತು ದಿನಾಂಕಗಳ ರೂಪಗಳನ್ನು ಹೊತ್ತ ಐಸಿಯು ಎಂಬ ಲೈಬ್ರರಿಯ ಇಂಗ್ಲಿಷ್ ಭಾಗವನ್ನು ಮಾತ್ರ ಅದರೊಳಗೆ ಸೇರಿಸಿ ಕೊಡಲಾಗುತ್ತಿದ್ದುದೇ ಇದಕ್ಕೆ ಕಾರಣ. ಒಂದು ತಂಡದಲ್ಲಿ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ನೋಡ್ 14, ಗ್ರಾಹಕರಿಗೆ ಬಿಲ್ ಕಳಿಸುವ ಸರ್ವರ್‌ನಲ್ಲಿ ನೋಡ್ 12 ಇತ್ತೆಂದಾದರೆ, ಕೋಡಿನ ಒಂದಕ್ಷರವೂ ಬದಲಾಗದೆ ಬಿಲ್ಲಿನ ಅಂಕಿಗಳ ರೂಪ ಮಾತ್ರ ಬೇರೆಯಾಗುತ್ತದೆ. ಕೋಡನ್ನು ಎಷ್ಟು ಸಲ ತಿರುವಿ ಹಾಕಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಕೋಡಿನಲ್ಲಲ್ಲ.

ನಾವು ಬರೆಯುವ ಜಾವಾಸ್ಕ್ರಿಪ್ಟ್, ಪೈಥಾನ್, ರೂಬಿ ಮುಂತಾದವುಗಳನ್ನು ಪ್ರೊಸೆಸರ್ ನೇರವಾಗಿ ಓದುವುದಿಲ್ಲ. ಅವನ್ನು ಓದಿ ನಡೆಸುವ ಇನ್ನೊಂದು ತಂತ್ರಾಂಶ ನಡುವೆ ಇರುತ್ತದೆ, ಅದನ್ನೇ ರನ್‌ಟೈಮ್ ಎನ್ನುವುದು. ಬಹಳ ಮಂದಿ ರನ್‌ಟೈಮ್ ಎಂಬುದನ್ನು ಒಂದೇ ವಸ್ತುವೆಂದು ಭಾವಿಸಿರುತ್ತಾರೆ, ಆದರೆ ನೋಡ್ ಎಂಬ ಒಂದು ಹೆಸರಿನಡಿ ಜಾವಾಸ್ಕ್ರಿಪ್ಟನ್ನು ನಡೆಸುವ ವಿ8, ಕಡತ ಮತ್ತು ನೆಟ್‌ವರ್ಕ್ ಕೆಲಸಗಳನ್ನು ನೋಡಿಕೊಳ್ಳುವ ಲಿಬ್‌ಯುವಿ, ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್, ಭಾಷೆಗಳಿಗೆ ಐಸಿಯು ಹೀಗೆ ಹಲವು ಯೋಜನೆಗಳು ಒಟ್ಟಿಗೆ ಬರುತ್ತವೆ. ನೋಡ್‌ನೊಳಗಿನ ‘ಪ್ರೋಸೆಸ್ ಡಾಟ್ ವರ್ಷನ್ಸ್’ ಎಂಬುದನ್ನು ಮುದ್ರಿಸಿ ನೋಡಿದರೆ ಇವೆಲ್ಲದರ ಆವೃತ್ತಿಗಳ ಉದ್ದನೆಯ ಪಟ್ಟಿಯೇ ಕಾಣುತ್ತದೆ. ಹಾಗಾಗಿ ನೋಡ್‌ನ ಆವೃತ್ತಿ ಬದಲಾಯಿತು ಎಂದರೆ ಈ ಪಟ್ಟಿಯಲ್ಲಿ ಯಾವುದು ಬೇಕಾದರೂ ಬದಲಾಗಿರಬಹುದು ಎಂದೇ ಅರ್ಥ.

ಈ ವ್ಯತ್ಯಾಸಗಳಲ್ಲಿ ಕೆಲವು ಕೂಗಿ ಹೇಳುತ್ತವೆ. 2021ರ ಅಕ್ಟೋಬರ್‌ನಲ್ಲಿ ಬಂದ ನೋಡ್ 17 ತನ್ನೊಳಗಿನ ಓಪನ್‌ಎಸ್‌ಎಸ್‌ಎಲ್ ಅನ್ನು 3ನೇ ಆವೃತ್ತಿಗೆ ಏರಿಸಿತು. ಆ ಆವೃತ್ತಿ ಎಂಡಿ4 ಎಂಬ ಹಳೆಯ, ದುರ್ಬಲವಾದ ಹ್ಯಾಶ್ (ದತ್ತಾಂಶದಿಂದ ಚಿಕ್ಕ ಗುರುತು ತಯಾರಿಸುವ) ವಿಧಾನವನ್ನು ಸಾಮಾನ್ಯ ಬಳಕೆಯಿಂದ ಪಕ್ಕಕ್ಕಿಟ್ಟಿತ್ತು. ವೆಬ್‌ಪ್ಯಾಕ್ 4 ಎಂಬ, ಕೋಡನ್ನು ಒಟ್ಟುಗೂಡಿಸಿ ಬಳಕೆಗೆ ಸಿದ್ಧಪಡಿಸುವ ಜನಪ್ರಿಯ ಬಿಲ್ಡ್ ಸಾಧನವಾದರೋ ತನ್ನ ಕಡತಗಳಿಗೆ ಗುರುತು ಕೊಡಲು ಎಂಡಿ4 ಅನ್ನೇ ನೆಚ್ಚಿಕೊಂಡಿತ್ತು. ಭದ್ರತೆಗೂ ಆ ಗುರುತುಗಳಿಗೂ ಯಾವ ಸಂಬಂಧವೂ ಇರಲಿಲ್ಲ, ಆದರೂ ಹೊಸ ನೋಡ್ ಹಾಕಿಕೊಂಡವರ ಬಿಲ್ಡ್‌ಗಳು ‘ಡಿಜಿಟಲ್ ಎನ್ವಲಪ್’ ಎಂಬ, ವೆಬ್‌ಸೈಟ್ ಮಾಡುವವರು ಎಂದೂ ಕಂಡಿರದ ದೋಷಸಂದೇಶದೊಂದಿಗೆ ನಿಂತುಹೋದವು. ಹಾಗೆಯೇ ಸಿ ಅಥವಾ ಸಿ++ ಭಾಷೆಯಲ್ಲಿ ಬರೆದು ನೋಡ್‌ಗೆ ಜೋಡಿಸಿದ ಹಲವು ಲೈಬ್ರರಿಗಳು, ತಾವು ಯಾವ ನೋಡ್‌ಗಾಗಿ ಕಂಪೈಲ್ ಆದವೆಂಬುದನ್ನು (ಯಂತ್ರದ ಭಾಷೆಗೆ ಬದಲಾದವೆಂಬುದನ್ನು) ಒಂದು ಸಂಖ್ಯೆಯಾಗಿ ಹೊತ್ತಿರುತ್ತವೆ: ನೋಡ್ 16ಕ್ಕೆ ಅದು 93, ನೋಡ್ 18ಕ್ಕೆ 108, ನೋಡ್ 20ಕ್ಕೆ 115. ಸಂಖ್ಯೆ ಹೊಂದದಿದ್ದರೆ ಲೈಬ್ರರಿ ಲೋಡ್ ಆಗುವುದೇ ಇಲ್ಲ. ಇಂಥ ದೋಷಗಳು ಕಿರಿಕಿರಿಯೇ ಸರಿ, ಆದರೆ ಅವುಗಳಲ್ಲಿ ಮೋಸವಿಲ್ಲ.

ಕಷ್ಟವಿರುವುದು ಸದ್ದಿಲ್ಲದೆ ನಡೆಯುವ ಬದಲಾವಣೆಗಳಲ್ಲಿ. ನೋಡ್ 11ಕ್ಕಿಂತ ಹಿಂದೆ, ಪಟ್ಟಿಯನ್ನು ವಿಂಗಡಿಸುವ ‘ಸಾರ್ಟ್’ ಫಂಕ್ಷನ್ 10 ಅಂಶಗಳವರೆಗಿನ ಪಟ್ಟಿಗೆ ಒಂದು ಕ್ರಮವನ್ನೂ ಅದಕ್ಕಿಂತ ಉದ್ದದ ಪಟ್ಟಿಗೆ ಇನ್ನೊಂದು ಕ್ರಮವನ್ನೂ ಬಳಸುತ್ತಿತ್ತು. ಉದ್ದದ ಪಟ್ಟಿಯಲ್ಲಿ, ಒಂದೇ ಬೆಲೆಯ ಎರಡು ವಸ್ತುಗಳಿದ್ದರೆ ಅವು ಮೊದಲಿದ್ದ ಅನುಕ್ರಮದಲ್ಲೇ ಉಳಿಯುತ್ತವೆಂಬ ಖಾತರಿ ಇರಲಿಲ್ಲ. 11ರಿಂದೀಚೆಗೆ ಆ ಖಾತರಿ ಬಂತು. ಹೊಸ ನೋಡ್‌ನಲ್ಲಿ ಆ ಖಾತರಿಯನ್ನು ನಂಬಿ ಬರೆದ ಕೋಡ್ ಹಳೆಯ ಸರ್ವರ್‌ಗೆ ಹೋದಾಗ, ಪರೀಕ್ಷೆಗೆಂದು ಇಟ್ಟುಕೊಂಡ ಐದಾರು ಅಂಶಗಳ ಪುಟ್ಟ ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ನಿಜವಾದ ದತ್ತಾಂಶ ಬಂದ ದಿನ ಮಾತ್ರ ಸಾಲುಗಳು ಅದಲುಬದಲಾಗುತ್ತವೆ. ಇನ್ನೊಂದು ಉದಾಹರಣೆ 2020ರ ನೋಡ್ 15ರದು. ಮುಂದೆ ಬರಬೇಕಾದ ಫಲಿತಾಂಶವನ್ನು ಪ್ರತಿನಿಧಿಸುವ ‘ಪ್ರಾಮಿಸ್’ನಲ್ಲಿ ಉಂಟಾಗಿ, ಕೋಡ್ ಎಲ್ಲೂ ಹಿಡಿಯದೆ ಬಿಟ್ಟ ದೋಷಕ್ಕೆ ಅದಕ್ಕಿಂತ ಹಿಂದಿನ ಆವೃತ್ತಿಗಳು ಒಂದು ಎಚ್ಚರಿಕೆ ಮುದ್ರಿಸಿ ಮುಂದುವರಿಯುತ್ತಿದ್ದವು. 15ರಿಂದ ಇಡೀ ಪ್ರೋಸೆಸ್ಸೇ ನಿಲ್ಲುತ್ತದೆ. ವರ್ಷಗಟ್ಟಲೆ ನಡೆದುಕೊಂಡು ಬಂದ ಸೇವೆಯೊಂದು, ಯಾರೋ ಸರ್ವರ್ ನವೀಕರಿಸಿದ ಮರುದಿನದಿಂದ ಆಗಾಗ ಬಿದ್ದೇಳತೊಡಗಲು ಇಷ್ಟು ಸಾಕು.

ದೊಡ್ಡ ಆವೃತ್ತಿ ಬದಲಾದಾಗ ಮಾತ್ರ ಹೀಗಾಗುತ್ತದೆಂದು ಸಮಾಧಾನಪಟ್ಟುಕೊಳ್ಳುವ ಹಾಗೂ ಇಲ್ಲ. ನೋಡ್ 18.12ರಿಂದ 18.13ಕ್ಕೆ ಹೋದಾಗ ಐಸಿಯು 72ನೇ ಆವೃತ್ತಿಗೆ ಏರಿತು, ಅದರೊಂದಿಗೆ ಅಮೆರಿಕನ್ ಇಂಗ್ಲಿಷಿನಲ್ಲಿ ವೇಳೆಯನ್ನು ತೋರಿಸುವಾಗ ಅಂಕಿಗೂ ‘ಎಎಂ’, ‘ಪಿಎಂ’ ಅಕ್ಷರಗಳಿಗೂ ನಡುವೆ ಇದ್ದ ಸಾಮಾನ್ಯ ಖಾಲಿ ಜಾಗ ಹೋಗಿ, ಸಾಲು ಮುರಿಯದ ಕಿರಿದಾದ ಬೇರೊಂದು ಯೂನಿಕೋಡ್ ಅಕ್ಷರ ಬಂದು ಕುಳಿತಿತು. ಕಣ್ಣಿಗೆ ಎರಡೂ ಒಂದೇ. ಎರಡು ಪಠ್ಯಗಳನ್ನು ಹೋಲಿಸುವ ಪರೀಕ್ಷೆಗೆ ಮಾತ್ರ ಅವು ಬೇರೆ ಬೇರೆ. ‘ಇರಬೇಕಾದದ್ದು’, ‘ಬಂದದ್ದು’ ಎಂದು ಅಕ್ಕಪಕ್ಕ ತೋರಿಸಿದ ಎರಡು ಸಾಲುಗಳು ಅಕ್ಷರಶಃ ಒಂದೇ ಆಗಿ ಕಾಣುತ್ತಿದ್ದರೂ ಪರೀಕ್ಷೆ ಸೋಲುವುದನ್ನು ನೋಡುತ್ತಾ ಕೂತವರ ಪಾಡನ್ನು ಊಹಿಸಿಕೊಳ್ಳಬಹುದು.

ಆವೃತ್ತಿಗಳು ಬೇರೆಯಾಗುವುದು ಯಾರದೋ ಉದಾಸೀನದಿಂದ ಎಂದು ತಿಳಿಯುವುದು ತಪ್ಪು. ಯಾರೂ ಏನೂ ಮಾಡದಿದ್ದರೆ ಅವು ತಮ್ಮಷ್ಟಕ್ಕೆ ಬೇರೆಯಾಗುತ್ತವೆ. ಯೋಜನೆ ಶುರುವಾದಾಗ ಸೇರಿದವರ ಯಂತ್ರದಲ್ಲಿ ಅಂದಿನ ಆವೃತ್ತಿ ಇರುತ್ತದೆ, ಮೊನ್ನೆ ಸೇರಿದವರು ತಾಣಕ್ಕೆ ಹೋಗಿ ಇಂದಿನದನ್ನು ಇಳಿಸಿಕೊಳ್ಳುತ್ತಾರೆ. ಉಬುಂಟು ಲಿನಕ್ಸ್‌ನ 22.04ರಲ್ಲಿ ‘ಆಪ್ಟ್’ ಎಂಬ ಅದರ ಸ್ಥಾಪನಾ ಸಾಧನದ ಮೂಲಕ ನೋಡ್ ಕೇಳಿದರೆ ಸಿಗುವುದು 12ನೇ ಆವೃತ್ತಿ. ಪೈಥಾನ್ ಆದರೆ ಉಬುಂಟು 20.04ರಲ್ಲಿ 3.8, 22.04ರಲ್ಲಿ 3.10, 24.04ರಲ್ಲಿ 3.12. ಮ್ಯಾಕ್‌ನಲ್ಲಿ ತಂತ್ರಾಂಶ ಸ್ಥಾಪಿಸಲು ಹೋಮ್‌ಬ್ರೂ ಎಂಬ ಸಾಧನ ಬಳಸುವವರು ಬೇರಾವುದೋ ಸಾಧನವನ್ನು ನವೀಕರಿಸಲು ಹೊರಟಾಗ ಅದರೊಂದಿಗೆ ನೋಡ್ ಕೂಡ ಏರಿಬಿಡುವುದುಂಟು. ಇದರ ಮೇಲೆ, ಲಿನಕ್ಸ್ ವಿತರಣೆಗಳು ನೋಡ್ ಅನ್ನು ತಮ್ಮದೇ ಐಸಿಯು ಬಳಸುವಂತೆ ಕಟ್ಟಬಹುದಾದ್ದರಿಂದ, ಆವೃತ್ತಿ ಸಂಖ್ಯೆ ಒಂದೇ ಆಗಿದ್ದರೂ ಮೇಲೆ ಹೇಳಿದ ಲಕ್ಷದ ಅಲ್ಪವಿರಾಮದಂಥ ವಿಷಯದಲ್ಲಿ ಎರಡು ಯಂತ್ರಗಳು ಬೇರೆ ಉತ್ತರ ಕೊಡುವ ಸಾಧ್ಯತೆಯೂ ಇದೆ. ಆಪರೇಟಿಂಗ್ ಸಿಸ್ಟಂ ಕೊಟ್ಟ ರನ್‌ಟೈಮನ್ನು ಯೋಜನೆಯ ಕೆಲಸಕ್ಕೆ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಇರುವುದು ಆ ಸಿಸ್ಟಂನ ಸ್ವಂತ ಕೆಲಸಗಳಿಗಾಗಿ.

ಹಾಗಾದರೆ ಮಾಡಬೇಕಾದುದೇನು? ಯೋಜನೆ ಬಳಸುವ ಲೈಬ್ರರಿಗಳ ನಿಖರ ಆವೃತ್ತಿಗಳನ್ನು ಲಾಕ್ ಕಡತದಲ್ಲಿ ಬರೆದು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸುವುದು ಈಗ ಎಲ್ಲರಿಗೂ ರೂಢಿಯಾಗಿದೆ. ರನ್‌ಟೈಮ್ ಕೂಡ ಯೋಜನೆಯ ಅವಲಂಬನೆಯೇ, ನಿಜಕ್ಕೂ ಅತಿ ದೊಡ್ಡ ಅವಲಂಬನೆ. ಅದರ ಆವೃತ್ತಿಯೂ ಯೋಜನೆಯ ಕೋಡಿನ ಸಂಗ್ರಹದಲ್ಲೇ (ರೆಪಾಸಿಟರಿಯಲ್ಲೇ), ಒಂದೇ ಒಂದು ಕಡತದಲ್ಲಿ, ಯಂತ್ರ ಓದಬಲ್ಲ ರೂಪದಲ್ಲಿ ಇರಬೇಕು. ‘ರೀಡ್‌ಮಿ’ ಕಡತದಲ್ಲಿ ‘ನೋಡ್ 20 ಬೇಕು’ ಎಂದು ಬರೆದರೆ ಸಾಲದು. ಅದನ್ನು ಮನುಷ್ಯರು ಮೊದಲ ದಿನ ಒಮ್ಮೆ ಓದುತ್ತಾರೆ, ಆಮೇಲೆ ಅದು ಹಳತಾದರೂ ಯಾರ ಗಮನಕ್ಕೂ ಬರುವುದಿಲ್ಲ.

ಈ ಕಡತವನ್ನು ಓದಿ ಬೇಕಾದ ಆವೃತ್ತಿಯನ್ನು ಒದಗಿಸುವ ಸಾಧನಗಳು ಹಲವು, ಕಡತಕ್ಕೆ ಸಾಧನಕ್ಕೊಂದು ಹೆಸರು. ನೋಡ್ ಲೋಕದಲ್ಲಿ ಎನ್‌ವಿಎಂ ಎಂಬ ಸಾಧನದ ‘ಡಾಟ್ ಎನ್‌ವಿಎಂಆರ್‌ಸಿ’ ಹೆಚ್ಚು ಬಳಕೆಯದು, ಪೈಎನ್ವ್ ಬಳಸುವವರಿಗೆ ‘ಡಾಟ್ ಪೈಥಾನ್-ವರ್ಷನ್’, ಆರ್‌ಬಿಎನ್ವ್‌ಗೆ ‘ಡಾಟ್ ರೂಬಿ-ವರ್ಷನ್’. ಹಲವು ಭಾಷೆಗಳನ್ನು ಒಟ್ಟಿಗೆ ನಿಭಾಯಿಸುವ ಎಎಸ್‌ಡಿಎಫ್ ಎಂಬ ಸಾಧನ ಎಲ್ಲವನ್ನೂ ‘ಡಾಟ್ ಟೂಲ್-ವರ್ಷನ್ಸ್’ ಎಂಬ ಒಂದೇ ಕಡತದಲ್ಲಿ ಸಾಲಾಗಿ ಬರೆಯುತ್ತದೆ. ಅದರ ನಂತರ ಬಂದ ಮೀಸ್ ಎಂಬುದು ಆ ಕಡತವನ್ನೂ ಓದಬಲ್ಲದು. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ನಡೆಯುತ್ತದೆ. ಎರಡನ್ನು ಇಟ್ಟುಕೊಂಡರೆ ಮಾತ್ರ, ಒಂದು ದಿನ ಅವೆರಡೂ ಒಂದಕ್ಕೊಂದು ವಿರುದ್ಧವಾಗಿ ನುಡಿಯುವುದು ಖಂಡಿತ.

ಇಂಥ ಸಾಧನಗಳು ಕೆಲಸ ಮಾಡುವ ರೀತಿಯನ್ನು ತಿಳಿದುಕೊಂಡರೆ ಅವುಗಳ ಕಾಟವೂ ಕಡಿಮೆಯಾಗುತ್ತದೆ. ಟರ್ಮಿನಲ್‌ನಲ್ಲಿ ‘ನೋಡ್’ ಎಂದು ಬರೆದಾಗ ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಂ ‘ಪಾತ್’ ಎಂಬ ವೇರಿಯಬಲ್‌ನಲ್ಲಿರುವ ಫೋಲ್ಡರ್‌ಗಳನ್ನು ಒಂದೊಂದಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ಎನ್‌ವಿಎಂ ತಾನು ಇಳಿಸಿಟ್ಟ ಆವೃತ್ತಿಗಳಲ್ಲಿ ಬೇಕಾದುದರ ಫೋಲ್ಡರನ್ನು ಆ ಸಾಲಿನ ಮುಂದಕ್ಕೆ ತರುತ್ತದೆ, ಅಷ್ಟೇ. ಪೈಎನ್ವ್‌ನಂಥವು ‘ಪೈಥಾನ್’ ಎಂಬ ಹೆಸರಿನ ಪುಟ್ಟ ಮಧ್ಯವರ್ತಿ ಪ್ರೋಗ್ರಾಂ ಒಂದನ್ನು ಮುಂದೆ ನಿಲ್ಲಿಸಿ, ಅದು ಪ್ರತಿ ಸಲವೂ ಕಡತ ಓದಿ ಸರಿಯಾದ ಪೈಥಾನ್‌ಗೆ ಕರೆ ದಾಟಿಸುವಂತೆ ಮಾಡುತ್ತವೆ. ಎನ್‌ವಿಎಂ ಒಂದು ಶೆಲ್ ಫಂಕ್ಷನ್ ಆದ್ದರಿಂದ ಅದರ ಪರಿಣಾಮ ಆ ಒಂದು ಟರ್ಮಿನಲ್‌ಗೆ ಸೀಮಿತ, ಮತ್ತು ಫೋಲ್ಡರ್ ಬದಲಿಸಿದ ಮಾತ್ರಕ್ಕೆ ಅದು ತಾನಾಗಿ ಆವೃತ್ತಿ ಬದಲಿಸುವುದಿಲ್ಲ. ‘ಎನ್‌ವಿಎಂ ಯೂಸ್’ ಎಂದು ಹೇಳಬೇಕು, ಇಲ್ಲವೇ ಶೆಲ್‌ನ ಸಂರಚನೆಯಲ್ಲಿ ಅದಕ್ಕೊಂದು ತುಣುಕು ಸೇರಿಸಿಕೊಳ್ಳಬೇಕು. ಟರ್ಮಿನಲ್‌ನಲ್ಲಿ ಸರಿ ಇದ್ದು, ಮೆನುವಿನಿಂದ ತೆರೆದ ಎಡಿಟರ್‌ನೊಳಗೆ ಬೇರೆ ನೋಡ್ ಓಡುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ: ಆ ಎಡಿಟರ್‌ಗೆ ಶೆಲ್‌ನ ಪಾತ್ ಸಿಕ್ಕಿಲ್ಲ.

ನೋಡ್ ಯೋಜನೆಯ ವಿವರಗಳಿರುವ ‘ಪ್ಯಾಕೇಜ್ ಡಾಟ್ ಜೇಸನ್’ ಕಡತದಲ್ಲಿ ‘ಎಂಜಿನ್ಸ್’ ಎಂಬ ಭಾಗವಿದೆಯಲ್ಲ, ಅದು ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಬರೆದುದನ್ನು, ನೋಡ್‌ನ ಲೈಬ್ರರಿಗಳನ್ನು ಸ್ಥಾಪಿಸುವ ಎನ್‌ಪಿಎಂ, ನಾವು ಬೇರೇನೂ ಹೇಳದಿದ್ದರೆ ಬರೀ ಎಚ್ಚರಿಕೆಯಾಗಿ ಪರಿಗಣಿಸುತ್ತದೆ. ಲೈಬ್ರರಿಗಳನ್ನು ಸ್ಥಾಪಿಸುವಾಗ ಹರಿದುಹೋಗುವ ನೂರಾರು ಸಾಲುಗಳ ನಡುವೆ ಒಂದು ಹಳದಿ ಸಾಲನ್ನು ಓದುವವರು ಯಾರು? ‘ಡಾಟ್ ಎನ್‌ಪಿಎಂಆರ್‌ಸಿ’ ಕಡತದಲ್ಲಿ ‘ಎಂಜಿನ್-ಸ್ಟ್ರಿಕ್ಟ್’ ಎಂಬುದನ್ನು ‘ಟ್ರೂ’ ಮಾಡಿದರೆ ಆ ಎಚ್ಚರಿಕೆ ದೋಷವಾಗಿ, ಸ್ಥಾಪನೆ ಅಲ್ಲೇ ನಿಲ್ಲುತ್ತದೆ. ಎರಡಕ್ಕೂ ಬೇರೆ ಬೇರೆ ಪಾತ್ರಗಳಿವೆ: ಎಂಜಿನ್ಸ್ ‘ಯಾವ ಯಾವ ಆವೃತ್ತಿಗಳಲ್ಲಿ ಇದು ನಡೆಯಬಲ್ಲದು’ ಎಂಬ ವ್ಯಾಪ್ತಿಯನ್ನು ಹೇಳುತ್ತದೆ, ಆವೃತ್ತಿ ಕಡತ ‘ನಾವು ಯಾವುದರಲ್ಲಿ ನಡೆಸುತ್ತಿದ್ದೇವೆ’ ಎಂಬುದನ್ನು. ಇತರರು ಬಳಸಲೆಂದು ಪ್ರಕಟಿಸುವ ಲೈಬ್ರರಿಗೆ ವ್ಯಾಪ್ತಿ ಮುಖ್ಯ. ತಾನೇ ಸರ್ವರ್‌ನಲ್ಲಿ ಓಡುವ ಅಪ್ಲಿಕೇಶನ್‌ಗೆ ನಿಖರ ಸಂಖ್ಯೆಯೇ ಬೇಕು.

ಎಷ್ಟು ನಿಖರ? 20 ಎಂದು ಮಾತ್ರ ಬರೆದರೆ ಇಂದು ಸ್ಥಾಪಿಸಿದವರಿಗೂ ಆರು ತಿಂಗಳ ನಂತರ ಸ್ಥಾಪಿಸಿದವರಿಗೂ ಬೇರೆ ಬೇರೆ ನೋಡ್ ಸಿಗುತ್ತದೆ, 18.13ರ ಕಥೆ ನೆನಪಿದ್ದರೆ ಇದು ಸಾಲದೆಂಬುದು ಸ್ಪಷ್ಟ. ‘ಎಲ್‌ಟಿಎಸ್’ ಎಂದು ಬರೆಯುವುದು ಇನ್ನೂ ಸಡಿಲ, ದೀರ್ಘಾವಧಿ ಬೆಂಬಲದ ಪಟ್ಟ ಹೊಸ ಆವೃತ್ತಿಗೆ ಹೋದ ದಿನ ಎರಡು ಆವೃತ್ತಿಗಳ ಅಂತರವನ್ನೇ ಒಮ್ಮೆಲೆ ಹಾರಿದಂತಾಗುತ್ತದೆ. 20.11.1 ಎಂಬಂತೆ ಮೂರೂ ಅಂಕಿಗಳನ್ನು ಬರೆಯುವುದೇ ಸರಿ. ಪೈಥಾನ್ ಬಳಸುವವರಿಗೆ ಇಲ್ಲೊಂದು ಹಳ್ಳವಿದೆ: ಕೋಡ್ ಬದಲಾದಾಗಲೆಲ್ಲ ಪರೀಕ್ಷೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಯ (ಸಿಐ) ಸಂರಚನೆಗಳನ್ನು ಬರೆಯುವ ಯಾಮಲ್ ಕಡತದಲ್ಲಿ 3.10 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಯಾಮಲ್ ಅದನ್ನು ದಶಮಾಂಶ ಸಂಖ್ಯೆಯೆಂದು ಓದಿ, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು 3.1 ಮಾಡಿಬಿಡುತ್ತದೆ. 3.9ರವರೆಗೆ ಯಾರಿಗೂ ಕಾಣದಿದ್ದ ಈ ತಪ್ಪು 2021ರಲ್ಲಿ 3.10 ಬಂದಾಗ ಬಯಲಾಯಿತು. ಆವೃತ್ತಿ ನೋಡಲು ಸಂಖ್ಯೆಯಂತಿದ್ದರೂ ಅದು ಪಠ್ಯ, ಉದ್ಧರಣ ಚಿಹ್ನೆಯೊಳಗೇ ಇರಬೇಕು.

ಡೆವಲಪರ್‌ಗಳ ಯಂತ್ರಗಳಷ್ಟೇ ಸರಿಯಾದರೆ ಅರ್ಧ ಕೆಲಸವಾದಂತೆ. ಉಳಿದರ್ಧ, ಪರೀಕ್ಷೆಗಳು ಓಡುವ ಸಿಐ ಮತ್ತು ಕೊನೆಗೆ ಕೋಡ್ ಓಡುವ ಸರ್ವರ್. ಗಿಟ್‌ಹಬ್‌ನ ಸಿಐನಲ್ಲಿ ನೋಡ್ ಸಿದ್ಧಪಡಿಸುವ ಹಂತಕ್ಕೆ (‘ಆಕ್ಷನ್’ಗೆ) ಆವೃತ್ತಿ ಸಂಖ್ಯೆಯನ್ನು ಬರೆದುಕೊಡುವ ಬದಲು ‘ನೋಡ್-ವರ್ಷನ್-ಫೈಲ್’ ಎಂಬ ಆಯ್ಕೆಯಲ್ಲಿ ಕಡತದ ಹೆಸರನ್ನು ಕೊಡಬಹುದು, ಆಗ ಸಂಖ್ಯೆ ಎರಡನೇ ಕಡೆ ಬರೆಯಲ್ಪಡುವುದಿಲ್ಲ. ಅಪ್ಲಿಕೇಶನ್ನನ್ನು ರನ್‌ಟೈಮ್ ಸಮೇತ ‘ಇಮೇಜ್’ ಎಂಬ ಒಂದು ಕಟ್ಟಾಗಿ ಮಾಡಿಕೊಡುವ ಡಾಕರ್‌ನಲ್ಲಿ ಇಷ್ಟು ಸಲೀಸಲ್ಲ, ಏಕೆಂದರೆ ಡಾಕರ್‌ಫೈಲ್‌ನ ಮೊದಲ ‘ಫ್ರಮ್’ ಸಾಲು ಬೇರೊಂದು ಕಡತವನ್ನು ಓದಲಾರದು. ಅದರ ಮುಂಚೆ ಒಂದು ‘ಆರ್ಗ್’ ಸಾಲು ಇಟ್ಟು, ಬಿಲ್ಡ್ ಮಾಡುವ ಕಮಾಂಡ್‌ನಲ್ಲಿ ಆವೃತ್ತಿ ಕಡತದ ಒಳಗಿನದನ್ನು ಅದಕ್ಕೆ ದಾಟಿಸಬೇಕು. ಆರ್ಗ್‌ಗೆ ಯಾವ ಪೂರ್ವನಿಗದಿ ಬೆಲೆಯನ್ನೂ ಕೊಡದಿರುವುದು ಲೇಸು. ಯಾರಾದರೂ ಮರೆತು ಬಿಲ್ಡ್ ಮಾಡಿದರೆ ಹಳೆಯ ಆವೃತ್ತಿಯಲ್ಲಿ ಸದ್ದಿಲ್ಲದೆ ಆಗುವ ಬದಲು ಬಿಲ್ಡ್ ಸೋಲುತ್ತದೆ. ಡಾಕರ್ ಇಮೇಜ್‌ಗಳ ಟ್ಯಾಗ್‌ನಲ್ಲಿ ಸಂಖ್ಯೆಯ ಮುಂದೆ ‘ವಿ’ ಅಕ್ಷರ ಇರುವುದಿಲ್ಲವಾದ್ದರಿಂದ ಕಡತದಲ್ಲೂ ಅದಿಲ್ಲದೆ ಬರೆದರೆ ಎರಡೂ ಕಡೆ ಹೊಂದುತ್ತದೆ.

ಡಾಕರ್ ಬಂದ ಮೇಲೆ ಈ ಸಮಸ್ಯೆಯೇ ಇಲ್ಲವೆಂಬ ಮಾತನ್ನು ಪೂರ್ತಿ ಒಪ್ಪಲಾಗದು. ‘ಲೇಟೆಸ್ಟ್’ ಎಂಬ ಟ್ಯಾಗ್ ಇಂದು ಒಂದನ್ನು, ನಾಳೆ ಇನ್ನೊಂದನ್ನು ತೋರಿಸುತ್ತದೆ. ‘ಆಲ್ಪೈನ್’ ಹೆಸರಿನ ಚಿಕ್ಕ ಇಮೇಜ್‌ಗಳಲ್ಲಿ ಸಾಮಾನ್ಯ ಲಿನಕ್ಸ್‌ನ ಜಿಲಿಬ್‌ಸಿ ಬದಲು ಮಸಲ್ ಎಂಬ ಬೇರೆಯೇ ಮೂಲ ಲೈಬ್ರರಿ ಇರುವುದರಿಂದ, ನೋಡ್ ಸಂಖ್ಯೆ ಒಂದೇ ಆಗಿದ್ದರೂ ಕಂಪೈಲ್ ಮಾಡಿದ ಲೈಬ್ರರಿಗಳು ಅಲ್ಲಿ ಓಡದಿರಬಹುದು. ರನ್‌ಟೈಮ್ ಕೂಡ ತನ್ನ ಕೆಳಗಿನ ನೆಲವನ್ನು ಅವಲಂಬಿಸಿದೆ: ನೋಡ್ 18ರ ಅಧಿಕೃತ ಲಿನಕ್ಸ್ ಆವೃತ್ತಿಗೆ ಜಿಲಿಬ್‌ಸಿ 2.28 ಬೇಕಾಗಿದ್ದರಿಂದ ಸೆಂಟ್‌ಒಎಸ್ 7, ಉಬುಂಟು 18.04ರಂಥ ಹಳೆಯ ಸರ್ವರ್‌ಗಳಲ್ಲಿ ಅದು ಏಳಲೇ ಇಲ್ಲ. 2020ರ ಕೊನೆಯಲ್ಲಿ ಆಪಲ್‌ನ ಎಂ1 ಯಂತ್ರಗಳು ಬಂದಾಗ ನೋಡ್ 14ಕ್ಕೆ ಗಂಟುಬಿದ್ದ ತಂಡಗಳು ಇದರ ಇನ್ನೊಂದು ಮುಖ ಕಂಡವು; ಆ ಪ್ರೊಸೆಸರ್‌ಗೆ ಸಿದ್ಧ ನೋಡ್ ಸಿಕ್ಕಿದ್ದು 16ರಿಂದ, ಅದಕ್ಕೂ ಹಿಂದಿನದು ಬೇಕೆಂದರೆ ಸ್ವತಃ ಕಂಪೈಲ್ ಮಾಡಬೇಕು ಅಥವಾ ಆಪಲ್‌ನ ಅನುವಾದಕ ತಂತ್ರಾಂಶವಾದ ರೊಸೆಟ್ಟಾದ ಮೂಲಕ ಇಂಟೆಲ್ ರೂಪವನ್ನು ಓಡಿಸಬೇಕಿತ್ತು. ಹಾಗೆಂದು ಇಡೀ ಡೆವಲಪ್‌ಮೆಂಟ್ ಪರಿಸರವನ್ನೇ ಕಂಟೇನರ್‌ಗೆ (ಡಾಕರ್ ಇಮೇಜ್‌ನಿಂದ ಓಡುವ ಪ್ರತ್ಯೇಕ ಆವರಣಕ್ಕೆ) ಸಾಗಿಸುವುದು ಪ್ರತಿ ತಂಡಕ್ಕೂ ಅಗತ್ಯವೆಂದು ನನಗನ್ನಿಸುವುದಿಲ್ಲ. ಡೇಟಾಬೇಸ್, ಇಮೇಜ್ ಸಂಸ್ಕರಣೆಯಂಥ ಸಿಸ್ಟಂ ಲೈಬ್ರರಿಗಳು ಹಲವಿದ್ದರೆ ಅದರ ತೂಕ ಹೊರುವುದು ಸಾರ್ಥಕ. ನಾಲ್ಕಾರು ಜನರ, ಶುದ್ಧ ಜಾವಾಸ್ಕ್ರಿಪ್ಟ್ ಯೋಜನೆಗೆ ಒಂದು ಸಾಲಿನ ಕಡತ ಮತ್ತು ಅದನ್ನು ಓದುವ ಸಾಧನ ಧಾರಾಳ ಸಾಕು.

ಕೆಲವು ಭಾಷೆಗಳು ಈ ಹೊಣೆಯನ್ನು ತಾವೇ ಹೊತ್ತಿವೆ. 2023ರ ಗೋ 1.21ರಿಂದ, ‘ಗೋ ಡಾಟ್ ಮಾಡ್’ ಕಡತ ಹೆಚ್ಚಿನ ಆವೃತ್ತಿ ಕೇಳಿದರೆ ಗೋ ಕಮಾಂಡ್ ತಾನೇ ಅದನ್ನು ಇಳಿಸಿಕೊಂಡು ನಡೆಸುತ್ತದೆ. ರಸ್ಟ್‌ನಲ್ಲಿ ‘ರಸ್ಟ್-ಟೂಲ್‌ಚೈನ್’ ಕಡತವನ್ನು ರಸ್ಟ್‌ಅಪ್ ಎಂಬ ಅದರ ಸ್ಥಾಪನಾ ಸಾಧನ ಬಹಳ ಕಾಲದಿಂದ ಗೌರವಿಸುತ್ತಿದೆ. ಪೈಥಾನ್‌ನವರು ಮಾತ್ರ ವರ್ಚುವಲ್ ಎನ್ವಿರಾನ್‌ಮೆಂಟ್ ಇದೆಯೆಂದು ನಿಶ್ಚಿಂತರಾಗಿರುವುದನ್ನು ಕಂಡಿದ್ದೇನೆ. ಅದು ಲೈಬ್ರರಿಗಳನ್ನು ಬೇರ್ಪಡಿಸುತ್ತದೆಯೇ ಹೊರತು ಪೈಥಾನ್‌ನ ಆವೃತ್ತಿಯನ್ನು ಆರಿಸುವುದಿಲ್ಲ. ಯಾವ ಪೈಥಾನ್‌ನಿಂದ ಅದನ್ನು ಸೃಷ್ಟಿಸಲಾಯಿತೋ ಅದೇ ಒಳಗಿರುತ್ತದೆ. ಒಬ್ಬರು 3.11ರಿಂದ, ಇನ್ನೊಬ್ಬರು 3.12ರಿಂದ ಸೃಷ್ಟಿಸಿದರೆ, 3.12ರಲ್ಲಿ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಮಾಡ್ಯೂಲನ್ನು ತೆಗೆದುಹಾಕಿರುವುದರಿಂದ ಅದನ್ನು ನಂಬಿದ ಲೈಬ್ರರಿ ಒಂದು ಕಡೆ ನಡೆದು ಇನ್ನೊಂದು ಕಡೆ ನಿಲ್ಲಬಹುದು.

ಆವೃತ್ತಿಯನ್ನು ಬರೆದಿಡುವುದೆಂದರೆ ಅದನ್ನು ಹೂತಿಡುವುದಲ್ಲ. ನೋಡ್‌ನ ಸಮಸಂಖ್ಯೆಯ ಆವೃತ್ತಿಗಳಿಗೆ ಬಿಡುಗಡೆಯಿಂದ ಸುಮಾರು 3 ವರ್ಷ ಭದ್ರತಾ ದುರಸ್ತಿಗಳು ಸಿಗುತ್ತ ಬಂದಿವೆ: 18ನೆಯದು 2022ರ ಏಪ್ರಿಲ್‌ನಲ್ಲಿ ಬಂದು 2025ರ ಏಪ್ರಿಲ್‌ಗೆ ಮುಗಿಯಿತು. ನೋಡ್ 16ರ ಕೊನೆಯ ದಿನವನ್ನಂತೂ, ಅದರೊಳಗಿನ ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ ಮುಗಿಯುತ್ತಿತ್ತೆಂಬ ಕಾರಣಕ್ಕೆ, 2024ರ ಏಪ್ರಿಲ್‌ನಿಂದ 2023ರ ಸೆಪ್ಟೆಂಬರ್ 11ಕ್ಕೆ ಹಿಂದಕ್ಕೆ ತರಲಾಯಿತು. ಪೈಥಾನ್ 3.8ಕ್ಕೆ 2019ರಿಂದ 2024ರವರೆಗೆ 5 ವರ್ಷ ಸಿಕ್ಕಿತು. ಆದ್ದರಿಂದ ಏರಿಸುವುದು ತಪ್ಪದು; ಆದರೆ ಅದು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಅಚಾನಕ್ಕಾಗಿ ಆಗುವುದಕ್ಕೂ, ಒಂದು ಸಾಲಿನ ಬದಲಾವಣೆಯಾಗಿ ಗಿಟ್‌ಗೆ ಬಂದು, ಸಿಐ ಪರೀಕ್ಷೆಗಳನ್ನು ದಾಟಿ, ಇನ್ನೊಬ್ಬರ ಕಣ್ಣಿಗೆ ಬಿದ್ದು, ಎಲ್ಲರ ಯಂತ್ರಕ್ಕೂ ಸರ್ವರ್‌ಗೂ ಒಟ್ಟಿಗೆ ತಲುಪುವುದಕ್ಕೂ ಬಹಳ ವ್ಯತ್ಯಾಸವಿದೆ. ಏರಿಸುವ ಮೊದಲು ಒಂದೆರಡು ವಾರ ಸಿಐನಲ್ಲಿ ಹಳೆಯ, ಹೊಸ ಆವೃತ್ತಿಗಳೆರಡರಲ್ಲೂ ಪರೀಕ್ಷೆ ಓಡಿಸಿದರೆ ಹೆಚ್ಚಿನ ಅನಾಹುತಗಳು ಅಲ್ಲೇ ಕಾಣುತ್ತವೆ.

ಏರಿಸಿದ ದಿನ ಎರಡು ವಿಷಯ ಮರೆಯಬಾರದು. ಸ್ಥಾಪಿಸಿದ ಲೈಬ್ರರಿಗಳಿರುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಸ್ಥಾಪಿಸಬೇಕು, ಇಲ್ಲವಾದರೆ ಹಿಂದಿನ ನೋಡ್‌ಗೆ ಕಂಪೈಲ್ ಆದ ಲೈಬ್ರರಿಗಳು ಅಲ್ಲೇ ಉಳಿದು, ಮೇಲೆ ಹೇಳಿದ 93 ಮತ್ತು 108ರ ಜಗಳ ಶುರುವಾಗುತ್ತದೆ. ಇನ್ನೊಂದು, ನೋಡ್‌ನೊಂದಿಗೆ ಎನ್‌ಪಿಎಂ ಕೂಡ ಬದಲಾಗುತ್ತದೆ. ನೋಡ್ 14ರ ಎನ್‌ಪಿಎಂ 6 ಲಾಕ್ ಕಡತವನ್ನು ಬರೆಯುವ ರೂಪವೇ ಬೇರೆ, ಎನ್‌ಪಿಎಂ 7ರಿಂದೀಚಿನ ರೂಪವೇ ಬೇರೆ. ತಂಡದಲ್ಲಿ ಇಬ್ಬರು ಎರಡನ್ನು ಬಳಸುತ್ತಿದ್ದರೆ, ಲೈಬ್ರರಿ ಒಂದೂ ಬದಲಾಗದೆ ಲಾಕ್ ಕಡತದ ಸಾವಿರಾರು ಸಾಲುಗಳು ಒಬ್ಬರ ಕಮಿಟ್‌ನಲ್ಲಿ ಅತ್ತ, ಇನ್ನೊಬ್ಬರ ಕಮಿಟ್‌ನಲ್ಲಿ ಇತ್ತ ಹೊಯ್ದಾಡುತ್ತವೆ. ಗಿಟ್‌ನ ಇತಿಹಾಸದಲ್ಲಿ ಅಂಥ ಹೊಯ್ದಾಟ ಕಂಡರೆ, ಯಾರ ಯಂತ್ರದಲ್ಲಿ ಯಾವ ಆವೃತ್ತಿ ಇದೆಯೆಂದು ಬೇರೆ ವಿಚಾರಿಸಬೇಕಾಗಿಲ್ಲ.